ಕಟ್ಟಡಗಳ ಮೇಲಿನ ಗಾಳಿಭಾರ

ಗಾಳಿಭಾರ ಎಂದರೆ ಬೀಸುವ ಗಾಳಿಯು ಕಟ್ಟಡದ ಗೋಡೆ, ಛಾವಣಿ ಮೊದಲಾದ ಭಾಗಗಳ ಮೇಲೆ ಉಂಟುಮಾಡುವ ಒತ್ತಡ ಅಥವಾ ಸೆಳೆತ. ಚಂಡಮಾರುತದ ಭಯವಿರುವ ಕರಾವಳಿಯಲ್ಲಿ ಮಾತ್ರವಲ್ಲದೆ, ಬೆಳಗಾವಿ ಜಿಲ್ಲೆಯ ಕಿತ್ತೂರು ತಾಲೂಕಿನ ಎಂ.ಕೆ. ಹುಬ್ಬಳ್ಳಿಯಂತಹ ಒಳನಾಡಿನ ಊರುಗಳಲ್ಲಿಯೂ ಕಟ್ಟಡ ಕಟ್ಟುವಾಗ ಇದನ್ನು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಒಳನಾಡಿನ ಬಿರುಗಾಳಿ

ಉತ್ತರ ಕರ್ನಾಟಕದಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಮುಂಗಾರು ಪೂರ್ವ ಮಳೆಯೊಂದಿಗೆ ಬಿರುಗಾಳಿ ಬೀಸುವುದುಂಟು. ಬಿಸಿಲಿಗೆ ಕಾದ ಗಾಳಿ ಮೇಲೇರಿ ಗುಡುಗಿನ ಮೋಡಗಳು ಕಟ್ಟುತ್ತವೆ. ಮಳೆ ಸುರಿಯುವಾಗ ತಂಪಾದ ಗಾಳಿ ರಭಸದಿಂದ ಕೆಳಗಿಳಿದು ನೆಲದುದ್ದಕ್ಕೂ ಹರಡುತ್ತದೆ. 2021ರ ಮೇ ತಿಂಗಳಿನ ತೌಕ್ತೆಯಂತಹ ಚಂಡಮಾರುತದ ಮುನ್ಸೂಚನೆ ಕೆಲವು ದಿನಗಳ ಮೊದಲೇ ದೊರೆಯುತ್ತದೆ. ಸ್ಥಳೀಯ ಬಿರುಗಾಳಿಯ ವಿಷಯದಲ್ಲಿ ಸಿಗುವ ಕಾಲಾವಕಾಶ ಬಹಳ ಕಡಿಮೆ. ಆದ್ದರಿಂದ ರಕ್ಷಣೆಯು ಕಟ್ಟಡದ ರಚನೆಯಲ್ಲಿಯೇ ಅಡಕವಾಗಿರಬೇಕು.

ಭಾರತೀಯ ಮಾನದಂಡ

ಭಾರತದಲ್ಲಿ ಗಾಳಿಭಾರವನ್ನು ಐಎಸ್ 875ರ 3ನೇ ಭಾಗದ ಪ್ರಕಾರ ಲೆಕ್ಕಹಾಕಲಾಗುತ್ತದೆ. 1987ರ ಆವೃತ್ತಿಯನ್ನು 2015ರಲ್ಲಿ ಪರಿಷ್ಕರಿಸಲಾಯಿತು. ಬಯಲಿನಲ್ಲಿ ನೆಲದಿಂದ 10 ಮೀಟರ್ ಎತ್ತರದಲ್ಲಿ 3 ಸೆಕೆಂಡುಗಳ ಕಾಲ ಬೀಸುವ ಗಾಳಿಯ ವೇಗವನ್ನು ಇದು ಆಧಾರವಾಗಿಟ್ಟುಕೊಳ್ಳುತ್ತದೆ. ಈ ಮೂಲ ವೇಗವು ಸೆಕೆಂಡಿಗೆ ಬೆಂಗಳೂರಿನಲ್ಲಿ 33 ಮೀಟರ್, ಮಂಗಳೂರಿನಲ್ಲಿ 39 ಮೀಟರ್, ಚೆನ್ನೈನಲ್ಲಿ 50 ಮೀಟರ್ ಆಗಿದೆ. ಕಟ್ಟಡದ ಎತ್ತರ, ಸುತ್ತಲಿನ ಪರಿಸರ ಹಾಗೂ ಗುಡ್ಡಗಳ ಇಳಿಜಾರಿಗೆ ತಕ್ಕಂತೆ ಇದನ್ನು ಹೊಂದಿಸಲಾಗುತ್ತದೆ.

ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಸೆಕೆಂಡಿಗೆ 33 ಮೀಟರ್ ವೇಗದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದರೆ ಸುಮಾರು 66 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಉಂಟಾಗುತ್ತದೆ.

ಛಾವಣಿ ಹಾರಲು ಕಾರಣ

ಗಾಳಿಯು ಗೋಡೆಯನ್ನು ತಳ್ಳುತ್ತದೆ. ಸಮತಟ್ಟಾದ ಅಥವಾ ಕಡಿಮೆ ಇಳಿಜಾರಿನ ಛಾವಣಿಯನ್ನು ಮೇಲಕ್ಕೆ ಸೆಳೆಯುತ್ತದೆ. ಸೂರಿನ ಅಂಚು ಮತ್ತು ಮೂಲೆಗಳಲ್ಲಿ ಈ ಸೆಳೆತ ಹೆಚ್ಚು. ತೆರೆದ ಬಾಗಿಲಿನಿಂದ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ದಪ್ಪ ಮಣ್ಣು ಹಾಸಿದ ಹಳೆಯ ಮಾಳಿಗೆ ತನ್ನ ಭಾರದಿಂದಲೇ ನಿಲ್ಲುತ್ತಿತ್ತು. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡಾದರೋ ಚದರ ಮೀಟರಿಗೆ ಸುಮಾರು 4 ಕಿಲೋಗ್ರಾಂ ಮಾತ್ರ ತೂಗುತ್ತದೆ. ತಗಡಿನ ಮೇಲೆ ಕಲ್ಲು ಹೇರುವುದು ಇದಕ್ಕೆ ಪರಿಹಾರವಲ್ಲ. ತಗಡು ಎದ್ದಾಗ ಆ ಕಲ್ಲುಗಳೇ ಜನರ ಮೇಲೆ ಬೀಳುತ್ತವೆ.

ಪೂರ್ವಸಿದ್ಧತೆ

* ತಗಡನ್ನು ಅಡ್ಡಪಟ್ಟಿಗೆ, ಅಡ್ಡಪಟ್ಟಿಯನ್ನು ತೊಲೆಗೆ, ತೊಲೆಯನ್ನು ಗೋಡೆ ಅಥವಾ ಕಂಬಕ್ಕೆ, ಅದನ್ನು ತಳಪಾಯಕ್ಕೆ ಬಿಗಿಯಾಗಿ ಜೋಡಿಸಬೇಕು. ಒಂದು ಕೊಂಡಿ ಸಡಿಲವಾದರೂ ಉಳಿದವು ವ್ಯರ್ಥ.
* ಅಂಚು ಮತ್ತು ಮೂಲೆಗಳಲ್ಲಿ ಬೋಲ್ಟುಗಳನ್ನು ಹತ್ತಿರ ಹತ್ತಿರ ಹಾಕಬೇಕು. ಅಗಲವಾದ ವಾಷರ್ ಬಳಸಬೇಕು. ತುಕ್ಕು ಹಿಡಿದವನ್ನು ಬೇಸಿಗೆಗೆ ಮೊದಲೇ ಬದಲಿಸಬೇಕು.
* ಸೂರಿನ ಹೊರಚಾಚು ಕಡಿಮೆಯಿರಬೇಕು.

ಕಾಮಗಾರಿ ನಡೆಯುತ್ತಿರುವ ಕಟ್ಟಡಕ್ಕೆ ಅಪಾಯ ಇನ್ನೂ ಹೆಚ್ಚು. ಛಾವಣಿಯ ಆಸರೆಯಿಲ್ಲದ ಹೊಸ ಗೋಡೆಗೆ ತಾತ್ಕಾಲಿಕ ಊರೆ ಕೊಡಬೇಕು, ಸಾರುವೆಯನ್ನು ಕಟ್ಟಡಕ್ಕೆ ಬಿಗಿಯಬೇಕು, ಬಿಡಿ ತಗಡು ಮತ್ತು ಹಲಗೆಗಳನ್ನು ಪ್ರತಿದಿನ ಕಟ್ಟಿಡಬೇಕು. ಗುಡುಗು ಕೇಳಿದೊಡನೆ ಕೆಲಸಗಾರರನ್ನು ಎತ್ತರದಿಂದ ಇಳಿಸಿ, ಹಸಿ ಗೋಡೆಯ ಬದಿಯಿಂದ ದೂರ ಕಳುಹಿಸಬೇಕು.