ಮೆಟ್ಟಿಲುಗಳ ಊರಲ್ಲಿ ಗಾಲಿಯ ದಾರಿ

ವೆನಿಸ್‌ನ ರಿಯಾಲ್ಟೋ ಸೇತುವೆಯ ಒಂದು ದಡದಲ್ಲಿ ಸ್ಯಾನ್ ಮಾರ್ಕೋ ಕೇರಿ, ಇನ್ನೊಂದು ದಡದಲ್ಲಿ ಮೀನು, ತರಕಾರಿಯ ಹಳೆಯ ಮಾರುಕಟ್ಟೆ. ನಡೆದು ಹೋಗುವವರು ಮೆಟ್ಟಿಲು ಹತ್ತಿ, ಸಾಲು ಅಂಗಡಿಗಳತ್ತ ಕಣ್ಣಾಡಿಸುತ್ತಾ ಕೆಲವೇ ನಿಮಿಷಗಳಲ್ಲಿ ಆಚೆ ಇಳಿಯುತ್ತಾರೆ. ಗಾಲಿಕುರ್ಚಿಯಲ್ಲಿ ಬಂದವರು ಸೇತುವೆಯ ತಂಟೆಗೇ ಹೋಗುವುದಿಲ್ಲ. ರಿಯಾಲ್ಟೋ ನಿಲ್ದಾಣದಲ್ಲಿ 1ನೇ ನಂಬರಿನ ದೋಣಿ ಹತ್ತಿ, ಮುಂದಿನ ರಿಯಾಲ್ಟೋ ಮೆರ್ಕಾತೋ ನಿಲ್ದಾಣದಲ್ಲಿ ಇಳಿದರೆ ಆಯಿತು, ಎದುರು ದಡ. ಊರನ್ನು ಸುತ್ತುವ ಸೂತ್ರವೂ ಅದೇ: ಸೇತುವೆ ಬಿಡಿ, ನೀರು ಹಿಡಿಯಿರಿ.

ಯಾರೋ ಒಬ್ಬರು ಕೂತು ನಕ್ಷೆ ಬರೆದು ಮಾಡಿದ ವ್ಯವಸ್ಥೆಯಲ್ಲ ಇದು. ಅದು ಬೆಳೆದುಬಂದ ಕಥೆಯಲ್ಲಿ ಒಂದು ವಿಚಿತ್ರವಿದೆ. ಗಾಲಿಕುರ್ಚಿಯವರಿಗೆಂದೇ ಹಣ ಸುರಿದು ಮಾಡಿದ್ದೆಲ್ಲ ಹೆಚ್ಚುಕಡಿಮೆ ಮೂಲೆ ಸೇರಿತು. ಬೇರೆ ಯಾರಿಗೋ ಮಾಡಿದ್ದು ಅವರ ಕೈ ಹಿಡಿಯಿತು.

ಮೆಟ್ಟಿಲು ಬಂದ ಬಗೆ

ನೂರಕ್ಕೂ ಮಿಕ್ಕಿದ ಪುಟ್ಟ ದ್ವೀಪಗಳನ್ನು 400ಕ್ಕೂ ಹೆಚ್ಚು ಸೇತುವೆಗಳಿಂದ ಹೊಲಿದ ಊರು ವೆನಿಸ್. ಅದರ ಮೊದಲಿನ ಸೇತುವೆಗಳಿಗೆ ಮೆಟ್ಟಿಲಿರಲಿಲ್ಲ. ಚಪ್ಪಟೆ ಮರದ ಹಲಗೆ, ಪಕ್ಕಕ್ಕೆ ತಡೆಯೂ ಇಲ್ಲ. ಆ ಕಾಲಕ್ಕೆ ಕುದುರೆ, ಹೇಸರಗತ್ತೆಗಳೂ ಅವುಗಳ ಮೇಲೆ ಓಡಾಡುತ್ತಿದ್ದವು. ಕಾಲುವೆಯಲ್ಲಿ ದೋಣಿಗಳ ದಟ್ಟಣೆ ಏರಿದಂತೆ ಅವು ಅಡಿಯಲ್ಲಿ ತೂರಿಹೋಗಲು ಎತ್ತರ ಬೇಕಾಯಿತು. ಹಲಗೆಯ ಜಾಗಕ್ಕೆ ಕಲ್ಲಿನ ಕಮಾನು ಬಂತು. ಇಕ್ಕಟ್ಟಾದ ಗಲ್ಲಿಯಲ್ಲಿ ಉದ್ದನೆಯ ಇಳಿಜಾರಿಗೆ ಎಡೆ ಎಲ್ಲಿ? ಕಮಾನಿನ ಬೆನ್ನಿಗೆ ಮೆಟ್ಟಿಲು ಕೂತಿತು. ಪಕ್ಕದ ತಡೆಗೋಡೆ ಬಂದದ್ದೂ ತಡವಾಗಿಯೇ. ಟೊರ್ಚೆಲ್ಲೋ ದ್ವೀಪದ ‘ದೆವ್ವದ ಸೇತುವೆ’ ಮತ್ತು ಕನ್ನರೇಜಿಯೋ ಕೇರಿಯ ಕಿಯೋದೋ ಸೇತುವೆ ಇವತ್ತಿಗೂ ತಡೆಗೋಡೆಯಿಲ್ಲದೆ ನಿಂತಿವೆ. ರಿಯಾಲ್ಟೋದಲ್ಲೂ ಮೊದಲು ಇದ್ದದ್ದು ಮರದ ಸೇತುವೆ. ಈಗಿನ ಕಲ್ಲಿನ ಸೇತುವೆ ಪೂರ್ತಿಯಾದದ್ದು 1591ರಲ್ಲಿ.

ಎಂದರೆ, ಈ ಊರಿನಲ್ಲಿ ದೋಣಿಗೆ ದಾರಿ ಬಿಡಲು ಹೋಗಿ ಗಾಲಿಗೆ ದಾರಿ ಮುಚ್ಚಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಒಂದಷ್ಟು ಕಾಲುವೆಗಳನ್ನು ಮಣ್ಣು ತುಂಬಿ ಬೀದಿ ಮಾಡಿದರು. ಕಸ್ತೆಲ್ಲೋ ಕೇರಿಯ ಅಗಲವಾದ ಗರಿಬಾಲ್ಡಿ ಬೀದಿ ಹುಟ್ಟಿದ್ದು ನೆಪೋಲಿಯನ್ ಆಳ್ವಿಕೆಯ ದಿನಗಳಲ್ಲಿ, ಹೀಗೆಯೇ. ಆಗ ಯಾರ ತಲೆಯಲ್ಲೂ ಗಾಲಿಕುರ್ಚಿ ಇರಲಿಲ್ಲ. ಇಂದು ಆ ಸಮತಟ್ಟು ಬೀದಿಗಳಲ್ಲಿ ಗಾಲಿಗೆ ತಡೆಯಿಲ್ಲದ ಓಟ ಸಿಗುತ್ತದೆ.

ಜನಸಾಮಾನ್ಯರ ಹಬೆದೋಣಿ

ಗಾಲಿಯ ಕೈ ಹಿಡಿದ ಎರಡನೆಯ ಆಕಸ್ಮಿಕ 1881ರದು. ಆ ವರ್ಷ ಊರಿನ ನಡುವೆ ಹಾಯುವ ದೊಡ್ಡ ಕಾಲುವೆಗೆ (ಗ್ರ್ಯಾಂಡ್ ಕೆನಾಲ್) ಹಬೆಯಿಂದ ಓಡುವ ದೋಣಿ ಇಳಿಯಿತು. ಹೊಟ್ಟೆಪಾಡಿಗೆ ಕುತ್ತು ಬಂತೆಂದು ಗೊಂಡೋಲಾದವರು ಮುಷ್ಕರ ಹೂಡಿದರು. ದೋಣಿ ನಿಲ್ಲಲಿಲ್ಲ. ಹಬೆ ಹೋಗಿ ಡೀಸೆಲ್ ಬಂದರೂ ‘ವಪೊರೆತ್ತೋ’ (ಹಬೆದೋಣಿ) ಎಂಬ ಹೆಸರು ಉಳಿಯಿತು, ದೋಣಿ ಊರಿನ ಸಿಟಿ ಬಸ್ಸೇ ಆಯಿತು.

ಗಾಲಿಕುರ್ಚಿಗೆ ಅದು ಒಗ್ಗಿದ್ದು ನಿಲ್ದಾಣದ ರಚನೆಯಿಂದ. ವೆನಿಸ್‌ನಲ್ಲಿ ಉಬ್ಬರವಿಳಿತಕ್ಕೆ ನೀರಿನ ಮಟ್ಟ ದಿನವೂ ಏರಿಳಿಯುತ್ತದೆ. ದಡದಿಂದಲೇ ದೋಣಿ ಹತ್ತುವುದಾಗಿದ್ದರೆ ಬೆಳಿಗ್ಗೆ ಒಂದು ಮೆಟ್ಟಿಲು ಮೇಲೆ, ಸಂಜೆ ಎರಡು ಮೆಟ್ಟಿಲು ಕೆಳಗೆ ಎಂಬಂತಾಗುತ್ತಿತ್ತು. ಹಾಗಾಗಿ ನಿಲ್ದಾಣವನ್ನೇ ನೀರಿನ ಮೇಲೆ ತೇಲಲು ಬಿಟ್ಟಿದ್ದಾರೆ. ದೋಣಿ ಏರಿದರೆ ನಿಲ್ದಾಣವೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಎರಡರ ನಡುವೆ ಉಳಿಯುವುದು ಸಣ್ಣ ಅಂಚು ಮಾತ್ರ. ದೋಣಿ ಬಂದು ತಾಗಿದ ಕೂಡಲೇ ನಾವಿಕ ದಪ್ಪ ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಗಿಯುತ್ತಾನೆ. ಹಗ್ಗ ಕಿರುಗುಟ್ಟುತ್ತದೆ, ಕಬ್ಬಿಣದ ತಡೆ ಸರಿಯುತ್ತದೆ. ಇಳಿಯುವವರು ಇಳಿದ ಮೇಲೆ ಕುರ್ಚಿಯನ್ನು ತುಸು ಒತ್ತಿ ಒಳಗೆ ತಳ್ಳಿದರೆ ಸಾಕು. ನಡುಭಾಗದ ಅಟ್ಟಣೆ ಅಗಲವಾಗಿದೆ. ಕುರ್ಚಿ ಅಲ್ಲೇ ನಿಲ್ಲುತ್ತದೆ. ಕಷ್ಟವಿರುವುದು ದಡದಿಂದ ತೇಲುವ ನಿಲ್ದಾಣಕ್ಕೆ ಇಳಿಯುವ ಹಲಗೆಯಲ್ಲಿ. ನೀರು ತೀರಾ ಇಳಿದಾಗ ಅದರ ಇಳಿಜಾರು ಕಡಿದಾಗುತ್ತದೆ, ಹಿಂದಿನಿಂದ ಹಿಡಿಯುವ ಕೈ ಬೇಕು.

ಎಲ್ಲ ದೋಣಿಗಳೂ ಇಷ್ಟು ಸಲೀಸಲ್ಲ. ದೊಡ್ಡ ಕಾಲುವೆಯಲ್ಲಿ ಓಡುವ 1 ಮತ್ತು 2ನೇ ನಂಬರಿನವು ಅಗಲವಾಗಿವೆ. ಊರಿನ ಹೊರಸುತ್ತು ಹಾಕುವ 4.1, 5.1ರಂಥ ಕಿರಿದಾದ ದೋಣಿಗಳಲ್ಲಿ ಕೂರುವ ಜಾಗಕ್ಕೆ ಮೆಟ್ಟಿಲಿಳಿದು ಹೋಗಬೇಕು. ಗಾಲಿಕುರ್ಚಿಗೆ ಸಿಗುವುದು ಹೊರಗಿನ ಇಕ್ಕಟ್ಟು ಜಾಗ. ಹೀಗಾಗಿ ಇಲ್ಲಿ ಬೀದಿಯ ಲೆಕ್ಕಕ್ಕಿಂತ ನಿಲ್ದಾಣದ ಲೆಕ್ಕ ಮುಖ್ಯ: ಯಾವ ನಿಲ್ದಾಣದಲ್ಲಿ ಇಳಿದರೆ ಸೇತುವೆ ಸಿಗದೆ ಎಲ್ಲಿಯವರೆಗೆ ಹೋಗಬಹುದು? ವಲ್ಲರೆಸ್ಸೋದಲ್ಲಿ ಇಳಿದರೆ ಒಂದೂ ಮೆಟ್ಟಿಲಿಲ್ಲದೆ ಸ್ಯಾನ್ ಮಾರ್ಕೋ ಚೌಕ ಸೇರಬಹುದು. ಈ ಲೆಕ್ಕವನ್ನು ತೋರಿಸುವ ನಕ್ಷೆಯನ್ನು ನಗರಸಭೆಯೇ ಹೊರತಂದಿದೆ.

ಕೆಟ್ಟು ನಿಂತ ಯಂತ್ರಗಳು

1986ರಲ್ಲಿ ಇಟಲಿಯ 41ನೇ ನಂಬರಿನ ಕಾಯ್ದೆ, ಸಾರ್ವಜನಿಕ ಕಟ್ಟಡಗಳಲ್ಲಿನ ಅಡೆತಡೆಗಳನ್ನು ತೆಗೆಯುವ ಯೋಜನೆ ಮಾಡಿಕೊಳ್ಳಿ ಎಂದು ಆಡಳಿತ ಸಂಸ್ಥೆಗಳಿಗೆ ಹೇಳಿತು. ವೆನಿಸ್ ಮೊದಲು ನಂಬಿದ್ದು ಯಂತ್ರವನ್ನು. ಕೆಲವು ಸೇತುವೆಗಳ ಬದಿಗೆ ಹಳಿ ಕೂರಿಸಿ, ಕುರ್ಚಿಸಮೇತ ಮೇಲೇರಿಸುವ ಲಿಫ್ಟು ಹಾಕಿದರು. ಚಲಾಯಿಸಲು ಬೀಗದ ಕೈ ಬೇಕು, ಅದನ್ನು ಕಚೇರಿಗೆ ಹೋಗಿ ತರಬೇಕು. ಉಪ್ಪುಗಾಳಿಗೆ ಯಂತ್ರ ತುಕ್ಕು ಹಿಡಿಯಿತು, ದುರಸ್ತಿಗೆ ಕಾದು ಕೂತಿತು. ಕೊನೆಗೆ ಅವನ್ನು ಕಿತ್ತುಹಾಕಿದರು.

ಇದಕ್ಕಿಂತ ದೊಡ್ಡ ಎಡವಟ್ಟು ಆದದ್ದು ಹೊಸ ಶತಮಾನದಲ್ಲಿ. ಸ್ಪೇನ್‌ನ ವಾಸ್ತುಶಿಲ್ಪಿ ಸ್ಯಾಂಟಿಯಾಗೊ ಕಲತ್ರಾವ ವಿನ್ಯಾಸಗೊಳಿಸಿದ ಸಂವಿಧಾನ ಸೇತುವೆ 2008ರಲ್ಲಿ ತೆರೆಯಿತು. ದೊಡ್ಡ ಕಾಲುವೆಗೆ ಇದು ನಾಲ್ಕನೆಯ ಸೇತುವೆ. ಬಸ್ಸುಗಳು ನಿಲ್ಲುವ ಪಿಯಾತ್ಸಾಲೆ ರೋಮಾವನ್ನು ರೈಲು ನಿಲ್ದಾಣದ ದಡಕ್ಕೆ ಜೋಡಿಸುತ್ತದೆ. ಕಾಯ್ದೆ ಬಂದು ಎರಡು ದಶಕ ಕಳೆದ ಮೇಲೆ, ಊರಿನ ಹೆಬ್ಬಾಗಿಲಲ್ಲಿ ಕಟ್ಟಿದ ಈ ಸೇತುವೆಯೂ ಮೆಟ್ಟಿಲಿನದೇ! ಗಾಜಿನ ಮೆಟ್ಟಿಲು ಮಳೆಗೆ ಜಾರಿ, ನಡೆಯುವವರೂ ಬಿದ್ದರು. ಟೀಕೆ ಜೋರಾದಾಗ ಸೇತುವೆಯ ಹೊರಮೈಗೆ, ಗಾಲಿಕುರ್ಚಿಯನ್ನು ದಾಟಿಸಲೆಂದು, ಮೊಟ್ಟೆಯಾಕಾರದ ಕೆಂಪು ಡಬ್ಬಿಯೊಂದನ್ನು ತಗುಲಿಸಿದರು. 20 ಲಕ್ಷ ಯೂರೋದ ಹತ್ತಿರ ಖರ್ಚಾಗಿ 2013ರಲ್ಲಿ ಓಡತೊಡಗಿದ ಆ ಡಬ್ಬಿ ಬೇಸಿಗೆಯಲ್ಲಿ ಕಾಯುತ್ತಿತ್ತು, ತೆವಳುತ್ತಿತ್ತು, ಪದೇ ಪದೇ ಕೆಡುತ್ತಿತ್ತು. ಅದೇ ಎರಡು ದಡಗಳ ನಡುವೆ ವಪೊರೆತ್ತೋ ಒಂದೇ ನಿಲ್ದಾಣದ ಹಾದಿ. ಜನ ಅದನ್ನೇ ಹತ್ತಿದರು. 2020ರಲ್ಲಿ ಮೊಟ್ಟೆಯನ್ನು ಬಿಚ್ಚಿ ಒಯ್ದರು.

ಓಟಗಾರರ ಕೊಡುಗೆ

ಆ ಕಾಯ್ದೆ ಬಂದ 1986ರಲ್ಲೇ ವೆನಿಸ್ ಮ್ಯಾರಥಾನ್ ಕೂಡ ಶುರುವಾಯಿತು. ಒಳನಾಡಿನ ಸ್ತ್ರಾ ಎಂಬ ಊರಿನಿಂದ ಹೊರಟ ಓಟಗಾರರು ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ನೀರಂಚಿನ ಹತ್ತಾರು ಸೇತುವೆಗಳನ್ನು ದಾಟಬೇಕು. ಸುಸ್ತಾದ ಕಾಲಿಗೆ ಮೆಟ್ಟಿಲು ಅಪಾಯ. ಅದಕ್ಕೆ ಮೆಟ್ಟಿಲಿನ ಮೇಲೆ ಮರದ ಹಲಗೆಯ ರ‍್ಯಾಂಪ್ ಹಾಸಿದರು. ಅಕ್ಟೋಬರಿನ ಓಟ ಮುಗಿದೊಡನೆ ಕೀಳಬೇಕಾಗಿದ್ದ ರ‍್ಯಾಂಪುಗಳನ್ನು ಮುಂದೆ ತಿಂಗಳುಗಟ್ಟಲೆ ಹಾಗೆಯೇ ಬಿಡುವ ಪರಿಪಾಠ ಬೆಳೆಯಿತು. ಆ ದಿನಗಳಲ್ಲಿ ತ್ಸಾತ್ತೆರೆ ದಂಡೆಯಲ್ಲೂ ಸ್ಯಾನ್ ಮಾರ್ಕೋದಿಂದ ಮುಂದಿನ ರೀವಾ ದಂಡೆಯಲ್ಲೂ ಗಾಲಿಕುರ್ಚಿ ಸೇತುವೆಯಿಂದ ಸೇತುವೆಗೆ ಸಾಗುತ್ತದೆ. ಹಿಂದೆಯೇ ಮಗುವಿನ ತಳ್ಳುಗಾಡಿ, ಪ್ರವಾಸಿಗರ ಸೂಟ್‌ಕೇಸು, ಮಂಡಿನೋವಿನ ಅಜ್ಜಂದಿರು.

ಬೀಗದ ಕೈಯ ಲಿಫ್ಟಿಗೂ ಈ ಹಲಗೆಗೂ ಇರುವ ವ್ಯತ್ಯಾಸ ಇಲ್ಲಿದೆ. ಲಿಫ್ಟು ಕೆಟ್ಟರೆ ನಾಲ್ಕು ಜನಕ್ಕೆ ತೊಂದರೆ. ಅವರ ದೂರು ಕಡತದಲ್ಲಿ ಮಲಗುತ್ತದೆ. ರ‍್ಯಾಂಪಿನ ಹಲಗೆ ಸಡಿಲವಾದರೆ ಊರೇ ಎಡವುತ್ತದೆ. ಮರುದಿನವೇ ಮೊಳೆ ಬೀಳುತ್ತದೆ. ವಪೊರೆತ್ತೋ ಉಳಿದದ್ದೂ ಊರೆಲ್ಲ ಅದನ್ನು ನೆಚ್ಚಿಕೊಂಡಿರುವುದರಿಂದಲೇ.

ಈಗ ಆಯ್ದ ಸೇತುವೆಗಳಲ್ಲಿ ಕಾಯಂ ಇಳಿಜಾರು, ತಗ್ಗು ಮೆಟ್ಟಿಲು ಬಂದಿವೆ. ಪ್ರತಿಯೊಂದಕ್ಕೂ ಪರಂಪರೆ ರಕ್ಷಣೆಯ ಇಲಾಖೆ ಒಪ್ಪಬೇಕು. ಹಳೆಯ ಕಲ್ಲಿನ ಅಂದ ಕೆಡುತ್ತದೆಂಬ ಆಕ್ಷೇಪ ತಪ್ಪಿದ್ದಲ್ಲ. ಆದರೆ ಚಪ್ಪಟೆ ಹಲಗೆಯನ್ನು ಕಮಾನು ಮಾಡಿದವರು, ಕಮಾನಿಗೆ ಮೆಟ್ಟಿಲು ಕಡಿದವರು, ಆಮೇಲೆ ತಡೆಗೋಡೆ ಎಬ್ಬಿಸಿದವರು ಇದೇ ಊರಿನವರು. ದೋಣಿಗೆಂದು, ಬೀಳದಿರಲೆಂದು, ಓಟಗಾರರಿಗೆಂದು ಸೇತುವೆಯ ರೂಪ ಬದಲಾಗಬಹುದಾದರೆ, ಗಾಲಿಕುರ್ಚಿಗೆಂದು ಬದಲಾಗುವುದು ಪರಂಪರೆಗೆ ಹೊರತಾದದ್ದೇನೂ ಅಲ್ಲ. ಅದು ಆ ಪರಂಪರೆಯ ಮುಂದಿನ ಕೆಲಸ.