ನಿಮಗಿದು ಗೊತ್ತೆ? ಮಗ್ಗ ತುಳಿಯುವ ಕಾಲು, ಭಯ ಬಿಡುವ ಮನಸ್ಸು

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರಾಗಲಿ, ಚಳ್ಳಕೆರೆಯ ಕಂಬಳಿ ನೇಕಾರರಾಗಲಿ, ಮಗ್ಗದ ಹಲಗೆ ತುಳಿದಾಗ ಮೀನಖಂಡ ಬಿಗಿಯುತ್ತದೆ. ಅದೇ ಕ್ಷಣ ಕಣಕಾಲಿನ ಮುಂಬದಿಯ ಸ್ನಾಯುವಿನ ನರಕೋಶಗಳನ್ನು ಬೆನ್ನುಹುರಿ ತಡೆದು, ಅದನ್ನು ಸಡಿಲಿಸುತ್ತದೆ. ಎರಡೂ ಒಟ್ಟಿಗೆ ಬಿಗಿದರೆ ಪಾದ ಅಲ್ಲಾಡದು, ನೇಯ್ಗೆಯೂ ಸಾಗದು. ಈ ‘ಪರಸ್ಪರ ಪ್ರತಿಬಂಧ’ವನ್ನು ವಿವರಿಸಿದವರು ಬ್ರಿಟನ್ನಿನ ಚಾರ್ಲ್ಸ್ ಶೆರಿಂಗ್ಟನ್, ನರಕೋಶಗಳ ಕುರಿತ ಸಂಶೋಧನೆಗೆ 1932ರ ನೊಬೆಲ್ ಹಂಚಿಕೊಂಡವರು.

ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ ಈ ತತ್ವವನ್ನು ಭಯದ ಚಿಕಿತ್ಸೆಗೆ ತಂದು 1958ರಲ್ಲಿ ಪುಸ್ತಕ ಬರೆದರು. ಮೈ ಪೂರ್ತಿ ಸಡಿಲವಾಗಿದ್ದಾಗ ಭಯಕ್ಕೆ ಜಾಗವಿಲ್ಲ ಎಂಬುದು ಅವರ ವಾದ. ಈ ಚಿಕಿತ್ಸೆಯಲ್ಲಿ ಹಾವೆಂದರೆ ನಡುಗುವವರು ಮೈ ಸಡಿಲಿಸಿ ಕುಳಿತು, ಮೊದಲು ದೂರದ ಹಾವನ್ನು, ಆಮೇಲೆ ಹತ್ತಿರದ್ದನ್ನು ಕಲ್ಪಿಸಿಕೊಳ್ಳುತ್ತಾರೆ. ಒಂದು ಹಂತದಲ್ಲಿ ನೆಮ್ಮದಿ ಸಿಕ್ಕ ಮೇಲೆಯೇ ಮುಂದಿನದು.