ಜಾರುವ ಬೆಂಡಿಗೆ ತಡೆಗಂಟು



ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ನಡುವಿನ ನಮ್ಮ ನಾಡಿಗೆ ಹಿಂದಿನವರು ಎಡೆದೊರೆ ಎಂದು ಕರೆದರು. ದೇವದುರ್ಗದ ಕಡೆಯಾಗಲಿ, ಮಾನ್ವಿಯ ಕಡೆಯಾಗಲಿ, ಹೊಲದ ಕೆಲಸ ಹಗುರಾದಾಗ ಗಾಳ ಹಿಡಿದು ಹೊಳೆದಂಡೆಗೆ ಹೋಗುವವರು ಇದ್ದೇ ಇದ್ದಾರೆ. ಮಡು ಆಳವಿದ್ದರೆ ಗಾಳ ತಳ ಮುಟ್ಟೋದಿಲ್ಲ ಅಂತ ಮೊಳಕಾಲುದ್ದ ನೀರಿಗೆ ಇಳೀತಾರೆ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮೇಲಿನ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಆದ್ದರಿಂದ ದಂಡೆಯ ಮೇಲೆ ನಿಂತೇ ಆಳಕ್ಕೆ ಗಾಳ ಬಿಡುವ ಉಪಾಯ ತಿಳಿದಿರಬೇಕು.

ದಾರಕ್ಕೆ ಬೆಂಡನ್ನು ಬಿಗಿದು ಕಟ್ಟಿದರೆ ಬೆಂಡಿನ ಕೆಳಗೆ ಹತ್ತು-ಹನ್ನೆರಡು ಅಡಿ ದಾರ ಜೋತಾಡುತ್ತದೆ, ಎಸೆಯಲು ಬರುವುದಿಲ್ಲ. ಬೆಂಡಿಗೆ ತೂತು ಮಾಡಿ ದಾರದ ಮೇಲೆ ಜಾರುವಂತೆ ಬಿಡಿರಿ. ಎಸೆಯುವಾಗ ಬೆಂಡು ಭಾರದ ಹತ್ತಿರವೇ ಇರುತ್ತದೆ. ನೀರಿಗೆ ಬಿದ್ದ ಮೇಲೆ ಭಾರ ಇಳಿಯುತ್ತದೆ, ದಾರ ತೂತಿನೊಳಗಿಂದ ಓಡುತ್ತದೆ, ತಡೆಗಂಟು ಬಂದಲ್ಲಿ ನಿಲ್ಲುತ್ತದೆ.

ಜೋಳದ ದಂಟಿನ ಬೆಂಡು ಹಗುರ, ಆದರೆ ನೀರು ಕುಡಿಯುತ್ತದೆ. ಹಳೆ ಹವಾಯಿ ಚಪ್ಪಲಿಯ ತುಂಡು ಬಾಳಿಕೆ ಬರುತ್ತದೆ. ಅದರ ನಡುವೆ ಖಾಲಿ ರೀಫಿಲ್ಲಿನ ನಳಿಗೆ ತೂರಿಸಿರಿ. ಮೇಲಿನಿಂದ ಕೆಳಕ್ಕೆ ಸಾಲು ಹೀಗೆ: ತಡೆಗಂಟು, ಸಣ್ಣ ಮಣಿ, ಬೆಂಡು, ಭಾರ, ಗಾಳ. ಗಂಟು ನಳಿಗೆಯೊಳಗೆ ನುಗ್ಗದಂತೆ ಮಣಿ ತಡೆಯುತ್ತದೆ.

ತಡೆಗೆ ಸೈಕಲ್ ಟ್ಯೂಬಿನ ಬಾಯಿಗೆ ಹಾಕುವ ಸಣ್ಣ ರಬ್ಬರ್ ನಳಿಗೆಯ ತುಂಡೂ ಆಗುತ್ತದೆ. ಬಿಸಿಲಿಗೆ ಅದು ಬಿರುಕು ಬಿಡುತ್ತದೆ. ದಪ್ಪ ಹೊಲಿಗೆ ನೂಲೇ ಒಳ್ಳೇದು. ದಾರದ ಬಣ್ಣಕ್ಕಿಂತ ಬೇರೆ ಬಣ್ಣದ್ದು ಆರಿಸಿರಿ, ಕಣ್ಣಿಗೆ ಕಾಣುತ್ತದೆ.

ಕಟ್ಟುವ ಕ್ರಮ ನೋಡ್ರಿ. ಗೇಣುದ್ದದ ನೂಲನ್ನು ದಾರದ ಜೊತೆಗೆ ಉದ್ದಕ್ಕೆ ಇಡಿರಿ. ನೂಲಿನ ಒಂದು ತುದಿಯನ್ನು ಹಿಂದಕ್ಕೆ ಮಡಚಿ ಕುಣಿಕೆ ಮಾಡಿರಿ. ಆ ತುದಿಯನ್ನು ಕುಣಿಕೆಯೊಳಗಿಂದ ದಾರ ಮತ್ತು ನೂಲು ಎರಡನ್ನೂ ಕೂಡಿಸಿ ಐದು ಸುತ್ತು ಸುತ್ತಿರಿ. ನೀರು ಹಚ್ಚಿ ಎರಡೂ ತುದಿಗಳನ್ನು ನಿಧಾನ ಎಳೆಯಿರಿ. ಬೆರಳಿನಿಂದ ನೂಕಿದರೆ ಜರುಗಬೇಕು, ಬೆಂಡು ತಾಗಿದರೆ ಜರುಗಬಾರದು. ಅಷ್ಟು ಬಿಗಿ ಸಾಕು. ತುದಿಗಳನ್ನು ಅರ್ಧ ಅಂಗುಲ ಬಿಟ್ಟು ಕತ್ತರಿಸಿರಿ.

ಆಳ ಹಿಡಿಯುವುದು ಹೇಗೆ? ಬೆಂಡು ಅಡ್ಡ ಮಲಗಿದರೆ ಭಾರ ತಳಕ್ಕೆ ಕೂತಿದೆ ಎಂದು ತಿಳಿಯಿರಿ. ಬೆಂಡು ನೆಟ್ಟಗೆ ನಿಲ್ಲುವವರೆಗೆ ಗಂಟನ್ನು ಗಾಳದ ಕಡೆಗೆ ಸ್ವಲ್ಪ ಸ್ವಲ್ಪ ಜರುಗಿಸಿರಿ. ಕಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಯಾವ ಮೀನು ಬೇಕೋ ಆ ಆಳಕ್ಕೆ ಗಂಟು ಇಡಿರಿ.

ಭಾರಕ್ಕೆ ಸೀಸದ ಬದಲು ಸಣ್ಣ ಕಬ್ಬಿಣದ ನಟ್ಟು ಸಾಕು. ಸೀಸ ವಿಷ, ಹಲ್ಲಿನಿಂದ ಕಚ್ಚಬ್ಯಾಡ್ರಿ. ನೈಲಾನ್ ದಾರದ ತುಂಡು ದಂಡೆಯಲ್ಲಿ ಬಿಟ್ಟರೆ ದನದ ಹೊಟ್ಟೆ ಸೇರುತ್ತದೆ, ಹಕ್ಕಿಯ ಕಾಲಿಗೆ ಸುತ್ತುತ್ತದೆ, ಆರಿಸಿ ತನ್ನಿರಿ. ಗುತ್ತಿಗೆ ಕೊಟ್ಟ ಕೆರೆಯಲ್ಲಿ ಕೇಳಿಯೇ ಗಾಳ ಹಾಕಿರಿ. ಮುಂಗಾರಿನಲ್ಲಿ ಮೊಟ್ಟೆ ತುಂಬಿದ ಮೀನು ಸಿಕ್ಕರೆ ನೀರಿಗೇ ಬಿಡಿರಿ. ಗಾಳ ಎಲ್ಲಿಯಾದರೂ ಸಿಕ್ಕಿಕೊಂಡರೆ ದಾರ ಕಡಿಯಲಿ. ಬಿಡಿಸಲಿಕ್ಕಂತ ಯಾರೂ ನೀರಿಗೆ ಇಳಿಯಬ್ಯಾಡ್ರಿ.